ಚಿತ್ರದುರ್ಗದ ಹಳ್ಳಿ ಮನೆಗೂ ರೇಡಾನ್ ಟೆಸ್ಟ್ ಬೇಕಾ?

ಸುತ್ತ ಬಂಡೆ, ಹೊಸ ಆರ್‌ಸಿಸಿ ಮನೆ, ನೆಲಕ್ಕೆ ಗ್ರಾನೈಟ್. ಅಮೆರಿಕದಲ್ಲಿರುವ ಮಗ ರೇಡಾನ್ ಚೆಕ್ ಮಾಡಿಸಿ ಅಂತ ಹಟ ಹಿಡಿದಿದ್ದಾನೆ, ಏನು ಮಾಡಲಿ ಅಂತ ಕೇಳಿದ್ದೀರಿ. ನಮ್ಮದು ಹೊಳಲ್ಕೆರೆ ಕಡೆ ಹಳ್ಳಿ. ಹೋದ ಚಳಿಗಾಲ ನಮ್ಮ ಮನೆಯಲ್ಲೂ ಇದೇ ಆಯಿತು. ನಮಗೆ ಹೇಳಿದ್ದು ಅಮೆರಿಕದ ಭಾವ, ಅಷ್ಟೇ ವ್ಯತ್ಯಾಸ.

ಹಗೇವು, ಅಂದರೆ ನೆಲದಡಿ ಧಾನ್ಯ ತುಂಬಿಡುವ ಗುಂಡಿ, ನಿಮಗೂ ಗೊತ್ತಿರಬೇಕು. ಜೋಳ ತೆಗೆಯಲು ಇಳಿಯುವ ಮುಂಚೆ ದೀಪ ಇಳಿಬಿಟ್ಟು ನೋಡುತ್ತಿದ್ದರು, ಆರಿದರೆ ಯಾರೂ ಇಳಿಯುತ್ತಿರಲಿಲ್ಲ. ರೇಡಾನ್ ಅಂದರೆ ಮನೆಯೊಳಗೆ ಸೇರಿಕೊಳ್ಳುವ ಒಂದು ಅನಿಲ ಅಂತ ಹೇಳಿದಾಗ ಅಮ್ಮ ಅಂದಿದ್ದೂ ಅದೇ: "ಅಂಗಾದ್ರೆ ದೀಪ ಹಚ್ಚಿ ನೋಡಪ್ಪ." ಆದರೆ ಇದಕ್ಕೆ ದೀಪ ಆರಲ್ಲ. ಬಣ್ಣ ಇಲ್ಲ, ವಾಸನೆ ಇಲ್ಲ, ಕೆಮ್ಮು ತಲೆನೋವೂ ಬರಲ್ಲ. ಕಲ್ಲು ಮಣ್ಣಿನಲ್ಲಿರುವ ಚೂರುಪಾರು ಯುರೇನಿಯಂ ಕಾಲಕ್ರಮದಲ್ಲಿ ರೇಡಿಯಂ ಆಗಿ, ಅದರಿಂದ ರೇಡಾನ್ ಹುಟ್ಟುತ್ತದೆ. ಬಯಲಲ್ಲಿ ಗಾಳಿ ಹೊತ್ತೊಯ್ಯುತ್ತದೆ. ಮುಚ್ಚಿದ ಕೋಣೆಯಲ್ಲಿ ಉಳಿದುಬಿಡುತ್ತದೆ. ವರ್ಷಗಟ್ಟಲೆ ಜಾಸ್ತಿ ಉಸಿರಾಡಿದರೆ ಶ್ವಾಸಕೋಶದ ಕ್ಯಾನ್ಸರ್ ಬರಬಹುದು. ಬೀಡಿ ಸಿಗರೇಟು ಸೇದುವವರಿಗೆ ಈ ಅಪಾಯ ಸೇದದವರಿಗಿಂತ ಸುಮಾರು 25 ಪಟ್ಟು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ಭಾವ ಒಂದು ಪುಟ್ಟ ಡಿಜಿಟಲ್ ಮೀಟರ್ ತಂದಿದ್ದರು. ಮಲಗುವ ಕೋಣೆಯ ಸ್ಟೂಲ್ ಮೇಲಿಟ್ಟು, ಕಿಟಕಿ ಹಾಕಿ, ಯಾರೂ ಮುಟ್ಟಬೇಡಿ ಅಂತ ಹೇಳಿದೆ. ಮೂರನೇ ದಿನ ನೋಡಿದರೆ ಮೀಟರ್ ಇಲ್ಲ. ಹೊಸ ಮಿಷಿನ್ ಅಂತ ಅಮ್ಮ ಕುಂಕುಮ ಇಟ್ಟು ದೇವರ ಗೂಡಿಗೆ ಸೇರಿಸಿದ್ದರು, ಪಕ್ಕದಲ್ಲೇ ಊದಿನಕಡ್ಡಿ! ಮತ್ತೆ ಮೊದಲಿಂದ ಶುರು.

ವಾರದ ಸರಾಸರಿ 3.1 ಬಂತು. ಅದು ಅಮೆರಿಕದ ಲೆಕ್ಕ, ಒಂದು ಲೀಟರ್ ಗಾಳಿಗೆ ಇಷ್ಟು ಪಿಕೋಕ್ಯೂರಿ ಅಂತ. 37ರಿಂದ ಗುಣಿಸಿದರೆ ಒಂದು ಘನ ಮೀಟರ್ ಗಾಳಿಗೆ ಎಷ್ಟು ಬೆಕೆರೆಲ್ (ವಿಕಿರಣ ಅಳೆಯುವ ಇನ್ನೊಂದು ಮಾನ) ಅಂತ ಸಿಗುತ್ತದೆ, ಅಂದರೆ ಸುಮಾರು 115. ಅಮೆರಿಕದಲ್ಲಿ 4, ಅಂದರೆ 148 ಬೆಕೆರೆಲ್ ಅಥವಾ ಜಾಸ್ತಿ ಬಂದರೆ ಮನೆ ಸರಿಪಡಿಸಿ ಅನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 100 ಬೆಕೆರೆಲ್ ಒಳಗಿರಲಿ, ಆಗದಿದ್ದರೆ 300 ಮಾತ್ರ ದಾಟದಿರಲಿ ಅನ್ನುತ್ತದೆ. ಮುಂದಿನ ವಾರ ಎದುರುಬದುರು ಕಿಟಕಿ ತೆರೆದಿಟ್ಟು ಮಲಗಿದೆವು. ಮೀಟರ್ 1.2ಕ್ಕೆ ಇಳಿಯಿತು, ಅಂದರೆ ಸುಮಾರು 44 ಬೆಕೆರೆಲ್. ಸೊಳ್ಳೆ ಜಾಲರಿ ಹೊಡೆಸಿದ್ದೇ ಖರ್ಚು. ಅಜ್ಜನ ಕಾಲದ ಮಾಳಿಗೆ ಮನೆಗೆ ಬೆಳಕಿಂಡಿ ಇತ್ತು, ಬಾಗಿಲು ದಿನವಿಡೀ ತೆರೆದೇ ಇರುತ್ತಿತ್ತು. ನಾವು ಗಾಜಿನ ಕಿಟಕಿ ಜಡಿದು ಕೂತಿದ್ದೇವೆ.

ಗ್ರಾನೈಟ್ ಕಿತ್ತು ಹಾಕಲು ಹೋಗಬೇಡಿ. ನೆಲಕ್ಕೆ ಹಾಸಿದ ಕಲ್ಲಿನಿಂದ ಬರುವುದು ಸಾಮಾನ್ಯವಾಗಿ ಕಡಿಮೆ. ಅಡಿಯ ಮಣ್ಣಿನಿಂದ ಬಿರುಕಿನಲ್ಲಿ, ಪೈಪ್ ಸುತ್ತಲಿನ ಸಂದಿಯಲ್ಲಿ ಬರುವುದೇ ಮುಖ್ಯ. ಅದನ್ನು ಸಿಮೆಂಟಿನಿಂದ ಮುಚ್ಚಿಸಿ.

ಮಗ ರಜೆಗೆ ಬರುವಾಗ ಮೀಟರ್ ತರಲಿ. ಕೆಳಗಿನ ಮಲಗುವ ಕೋಣೆಯಲ್ಲಿ, ಗೋಡೆಗೆ ತಾಗಿಸದೆ, ಮೂರಡಿ ಎತ್ತರದಲ್ಲಿ ಇಡಿ. ಅಡುಗೆಮನೆ, ಬಚ್ಚಲು ಬೇಡ. ಒಂದು ವಾರ ಇಟ್ಟರೆ ಅಂದಾಜು ಸಿಗುತ್ತದೆ, ಮೂರು ತಿಂಗಳಾದರೆ ನಂಬಬಹುದು.

ಅಲ್ಲಿಯವರೆಗೆ ಸುಮ್ನೆ ಕೂರಬೇಡಿ. ಬೋರ್ ನೀರು ಕುಡಿಯುತ್ತಿದ್ದರೆ ಈ ವಾರವೇ ಒಂದು ಬಾಟಲಿ ಲ್ಯಾಬಿಗೆ ಕೊಡಿ. ನಮ್ಮ ಜಿಲ್ಲೆಯಲ್ಲಿ ನಾನು ರೇಡಾನ್‌ಗಿಂತ ಮೊದಲು ಹೆದರುವುದು ಫ್ಲೋರೈಡ್‌ಗೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ್ದರೆ ಕುಡಿಯಲು ಬೇರೆ ನೀರು ನೋಡಿಕೊಳ್ಳಿ. ಕುದಿಸಿದರೆ ಅದು ಹೋಗಲ್ಲ.