ಸಂಪಾದಕರ ಉತ್ತರ: ವೆರೋನ್ ಯಾವ ಊರಿನ ಆಟಗಾರ?

ಮಾನ್ಯರೇ,

ಕಳೆದ ಸಂಚಿಕೆಯಲ್ಲಿ ನಾವು ಅರ್ಜೆಂಟೀನಾದ ಫುಟ್‌ಬಾಲ್ ಮಿಡ್‌ಫೀಲ್ಡರ್ (ನಡುಮೈದಾನದ ಆಟಗಾರ) ಹುವಾನ್ ಸೆಬಾಸ್ಟಿಯನ್ ವೆರೋನ್ ಅವರನ್ನು ಅವರ ತಲೆಮಾರಿನ ಶ್ರೇಷ್ಠರ ಸಾಲಿನಲ್ಲಿ ಹೆಸರಿಸಿದ್ದನ್ನು ಒಪ್ಪದೆ ತಾವು ಬರೆದ ಪತ್ರ ತಲುಪಿದೆ. 1996ರಿಂದ 2006ರವರೆಗಿನ ಹತ್ತೇ ವರ್ಷಗಳಲ್ಲಿ ಏಳು ಕ್ಲಬ್‌ಗಳ ಅಂಗಿ ತೊಟ್ಟವರಲ್ಲಿ ನಿಷ್ಠೆಯನ್ನು ಹುಡುಕುವುದು ಎಲ್ಲಿ ಎಂಬುದು ತಮ್ಮ ಮೊದಲ ಪ್ರಶ್ನೆ. ದಾಖಲೆಯ ಬೆಲೆಗೆ ಕೊಂಡ ಮ್ಯಾಂಚೆಸ್ಟರ್ ಯುನೈಟೆಡ್‌ನಲ್ಲಿ ಎರಡೇ ವರ್ಷ ಉಳಿದು, ಅಲ್ಲಿಯೂ ನೆಲೆ ಕಾಣದವರನ್ನು ಶ್ರೇಷ್ಠರೆನ್ನುವುದು ಹೇಗೆ ಎಂಬುದು ಎರಡನೆಯದು. ಕೊನೆಗೆ, ಅವರ ಅಂಗಿಯ ಸಂಖ್ಯೆಯ ಬಗ್ಗೆ ಒಂದು ಸಣ್ಣ ಪ್ರಶ್ನೆಯನ್ನೂ ಕೇಳಿದ್ದೀರಿ. ಮೂರಕ್ಕೂ ಉತ್ತರ ಒಂದೇ ಊರಿನಲ್ಲಿದೆ ಎಂದು ನಾನು ನಂಬಿರುವುದರಿಂದ ಆ ಊರಿನಿಂದಲೇ ಆರಂಭಿಸುತ್ತೇನೆ.

ಬ್ಯೂನಸ್ ಐರಿಸ್ ಪ್ರಾಂತ್ಯದ ರಾಜಧಾನಿಯಾಗಲೆಂದೇ 1882ರಲ್ಲಿ ನಕ್ಷೆ ಹಾಕಿ ಕಟ್ಟಿದ ನಗರ ಲಾ ಪ್ಲಾಟಾ. ಅಲ್ಲಿನ ಬೀದಿಗಳಿಗೆ ಹೆಸರಿಗಿಂತ ಹೆಚ್ಚಾಗಿ ಸಂಖ್ಯೆಗಳಿವೆ. ಚೌಕಗಳನ್ನು ಓರೆಯಾಗಿ ಸೀಳಿ ಹೋಗುವ ಅಗಲ ಬೀದಿಗಳಿಂದಾಗಿ ಅದನ್ನು ಕರ್ಣರೇಖೆಗಳ ನಗರವೆಂದೂ ಕರೆಯುತ್ತಾರೆ. ಮೈದಾನದ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಓರೆಯಾಗಿ ನಲವತ್ತು ಗಜ ದೂರ ಚೆಂಡನ್ನು ಕಳುಹಿಸಿ, ಓಡುತ್ತಿರುವ ಜೊತೆಗಾರನ ಕಾಲಿಗೆ ಸರಿಯಾಗಿ ತಲುಪಿಸುತ್ತಿದ್ದ ಆಟಗಾರ ಹುಟ್ಟಿದ್ದು ಇದೇ ಊರಿನಲ್ಲಿ, 1975ರ ಮಾರ್ಚ್ 9ರಂದು. ತಂದೆ ಹುವಾನ್ ರಮೋನ್ ವೆರೋನ್ ಅವರು ಊರಿನ ಎಸ್ತುದಿಯಾಂತೆಸ್ ಕ್ಲಬ್ಬಿನ ಎಡ ವಿಂಗರ್, ಅಂದರೆ ಮೈದಾನದ ಎಡ ಅಂಚಿನಲ್ಲಿ ಮುನ್ನುಗ್ಗುವ ಆಟಗಾರ. ಅಭಿಮಾನಿಗಳು ಅವರಿಗೆ ಇಟ್ಟ ಅಡ್ಡಹೆಸರು ‘ಲಾ ಬ್ರೂಹಾ’, ಅಂದರೆ ಮಾಟಗಾತಿ. ಆದ್ದರಿಂದ ಮಗ ಹುಟ್ಟುತ್ತಲೇ ‘ಬ್ರೂಹೀತಾ’, ಪುಟ್ಟ ಮಾಟಗಾತಿಯಾದರು.

ಆ ತಂದೆಯ ಕಾಲದ ಎಸ್ತುದಿಯಾಂತೆಸ್ ಸಾಮಾನ್ಯ ತಂಡವಲ್ಲ. ಓಸ್ವಾಲ್ಡೊ ಸುಬೆಲ್ದಿಯಾ ಅವರ ತರಬೇತಿಯಲ್ಲಿ ಅದು 1968, 1969 ಮತ್ತು 1970ರಲ್ಲಿ ಸತತವಾಗಿ ಮೂರು ಬಾರಿ ದಕ್ಷಿಣ ಅಮೆರಿಕದ ಅತಿ ದೊಡ್ಡ ಕ್ಲಬ್ ಪ್ರಶಸ್ತಿಯಾದ ಕೋಪಾ ಲಿಬರ್ಟಡೋರೆಸ್ ಗೆದ್ದಿತು. 1968ರ ಅಕ್ಟೋಬರ್ 16ರಂದು, ಯುರೋಪಿನ ಚಾಂಪಿಯನ್ ಆಗಿದ್ದ ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧ ಅದರದೇ ಓಲ್ಡ್ ಟ್ರಾಫರ್ಡ್ ಮೈದಾನದಲ್ಲಿ, ಪಂದ್ಯದ ಆರಂಭದಲ್ಲೇ ಹುವಾನ್ ರಮೋನ್ ಅವರು ತಲೆಯಿಂದ ಚೆಂಡನ್ನು ಗೋಲಿಗೆ ಸೇರಿಸಿದರು. ಪಂದ್ಯ 1-1ರಲ್ಲಿ ಮುಗಿಯಿತು. ಬ್ಯೂನಸ್ ಐರಿಸ್‌ನಲ್ಲಿ ನಡೆದ ಮೊದಲ ಪಂದ್ಯವನ್ನು 1-0ಯಿಂದ ಗೆದ್ದಿದ್ದ ಎಸ್ತುದಿಯಾಂತೆಸ್ ವಿಶ್ವ ಚಾಂಪಿಯನ್ ಆಯಿತು. ಮೂವತ್ತಮೂರು ವರ್ಷಗಳ ಬಳಿಕ ಅದೇ ಮೈದಾನದ ತಂಡವೇ ಅವರ ಮಗನನ್ನು ಬ್ರಿಟನ್ನಿನ ದಾಖಲೆಯ ಬೆಲೆಗೆ ಕೊಂಡಿತು. ಮಗನ ವೃತ್ತಿಜೀವನವನ್ನು ಅಳೆಯುವಾಗ ಈ ಹಿನ್ನೆಲೆಯನ್ನು ಮರೆತರೆ ಲೆಕ್ಕ ತಪ್ಪುತ್ತದೆ.

ಈಗ ನಿಷ್ಠೆಯ ಪ್ರಶ್ನೆ. ಮಗ ವೆರೋನ್ ಮೊದಲ ತಂಡಕ್ಕೆ ಬಂದ ಹೊತ್ತಿಗೆ ಎಸ್ತುದಿಯಾಂತೆಸ್ ಬಡವಾಗಿತ್ತು. 1994ರಲ್ಲಿ ಅದು ಎರಡನೇ ದರ್ಜೆಗೆ ಜಾರಿತು. ಹತ್ತೊಂಬತ್ತರ ಹರೆಯದ ವೆರೋನ್ ಆ ದರ್ಜೆಯಲ್ಲಿಯೂ ಕ್ಲಬ್ಬಿನೊಂದಿಗೇ ಇದ್ದು, ಮರುವರ್ಷವೇ ಅದನ್ನು ಮತ್ತೆ ಮೇಲಕ್ಕೆ ತಂದ ತಂಡದಲ್ಲಿ ಆಡಿದರು. ಅನಂತರವೇ ಅವರು 1996ರಲ್ಲಿ ಬೋಕಾ ಜೂನಿಯರ್ಸ್ ಸೇರಿದ್ದು. ಅಲ್ಲಿ ಆಗ ಕೋಚ್ ಆಗಿದ್ದವರು ಕಾರ್ಲೋಸ್ ಬಿಲಾರ್ಡೊ, 1968ರ ಎಸ್ತುದಿಯಾಂತೆಸ್‌ನಲ್ಲಿ ತಂದೆಯ ಜೊತೆಗೆ ಆಡಿದವರು. ಪಕ್ಕದಲ್ಲಿ ಆಡುತ್ತಿದ್ದವರು ಡಿಯಾಗೊ ಮರಡೋನ. ಆರು ತಿಂಗಳು ಕಳೆಯುವುದರೊಳಗೆ ಇಟಲಿಯ ಸಂಪ್ಡೋರಿಯಾ ಅವರನ್ನು ಕರೆದೊಯ್ದಿತು.

ಇಲ್ಲಿಂದ ಮುಂದೆ ಅವರು ಕ್ಲಬ್‌ಗಳನ್ನು ತೊರೆದರು ಎನ್ನುವುದಕ್ಕಿಂತ, ಹಣ ಹರಿದ ದಿಕ್ಕಿಗೆ ಅವರು ಸಾಗಬೇಕಾಯಿತು ಎನ್ನುವುದು ಹೆಚ್ಚು ಸರಿ. ತೊಂಬತ್ತರ ದಶಕದ ಕೊನೆಯಲ್ಲಿ ಜಗತ್ತಿನ ಅತಿ ಶ್ರೀಮಂತ ಲೀಗ್‌ಗಳಲ್ಲಿ ಒಂದು ಇಟಲಿಯದು, ಮತ್ತು ಅಲ್ಲಿನ ಎರಡು ಶ್ರೀಮಂತ ಕ್ಲಬ್‌ಗಳು ಆಹಾರ ಕಂಪನಿಗಳ ದುಡ್ಡಿನ ಮೇಲೆ ನಿಂತಿದ್ದವು. ಪಾರ್ಮಾ ಕ್ಲಬ್ಬಿನ ಹಿಂದೆ ಹಾಲಿನ ಪಾರ್ಮಲಾಟ್ ಕಂಪನಿ ಇತ್ತು. ರೋಮ್‌ನ ಲಾಜಿಯೋ ಹಿಂದೆ ಡಬ್ಬಿ ಟೊಮೆಟೊದ ಚಿರಿಯೋ ಕಂಪನಿಯ ಒಡೆಯ ಸೆರ್ಜಿಯೋ ಕ್ರಾನ್ಯೋಟ್ಟಿ ಇದ್ದರು. 1998ರಲ್ಲಿ ಪಾರ್ಮಾ ಸೇರಿದ ವೆರೋನ್ ಒಂದೇ ವರ್ಷದಲ್ಲಿ ಇಟಲಿಯ ಕಪ್ಪನ್ನೂ, ಮಾಸ್ಕೋದಲ್ಲಿ ಮಾರ್ಸೇ ತಂಡವನ್ನು 3-0ಯಿಂದ ಸೋಲಿಸಿ ಯುರೋಪಿನ ಕ್ಲಬ್‌ಗಳ ಯುಇಎಫ್‌ಎ ಕಪ್ಪನ್ನೂ ಗೆದ್ದರು. ಬೂಫೋನ್, ತುರಾಂ, ಕಾನ್ನವಾರೋ, ಕ್ರೆಸ್ಪೋ ಇದ್ದ ತಂಡವದು. ಮರುವರ್ಷ ಲಾಜಿಯೋ. ಅಲ್ಲಿನ ಕೋಚ್ ಸ್ವೆನ್ ಯೋರಾನ್ ಎರಿಕ್ಸನ್ ಅವರು ಸಂಪ್ಡೋರಿಯಾದಲ್ಲಿಯೂ ಅವರ ಕೋಚ್ ಆಗಿದ್ದವರೇ.

ಲಾಜಿಯೋದ ಆ ಮೊದಲ ವರ್ಷವನ್ನು ಬೇಗನೆ ದಾಟಿ ಹೋಗಲು ನನಗೆ ಮನಸ್ಸಿಲ್ಲ. 2000ದ ಮಾರ್ಚ್‌ನಲ್ಲಿ ಊರಿನದೇ ಎದುರಾಳಿ ರೋಮಾ ವಿರುದ್ಧ ಮೊದಲು ಗೋಲು ಬಿಟ್ಟುಕೊಟ್ಟಿದ್ದ ಲಾಜಿಯೋ 2-1ರಿಂದ ಗೆದ್ದಿತು. ಗೆಲುವಿನ ಗೋಲು ವೆರೋನ್ ಅವರ ಫ್ರೀ ಕಿಕ್. ಮೇ 14ರಂದು, ಲೀಗಿನ ಕೊನೆಯ ದಿನ, ಲಾಜಿಯೋ ತನ್ನ ಮೈದಾನದಲ್ಲಿ ರೆಜ್ಜೀನಾ ತಂಡವನ್ನು 3-0ಯಿಂದ ಸೋಲಿಸಿತು. ಅವುಗಳಲ್ಲಿ ಒಂದು ಪೆನಾಲ್ಟಿ ವೆರೋನ್ ಅವರದು. ಆದರೆ ಪ್ರಶಸ್ತಿ ಇನ್ನೂ ಕೈಗೆ ಬಂದಿರಲಿಲ್ಲ. ಅಗ್ರಸ್ಥಾನದಲ್ಲಿದ್ದ ಯುವೆಂಟಸ್‌ನ ಪಂದ್ಯ ಪೆರುಜಾದಲ್ಲಿ ಸುರಿದ ಭಾರೀ ಮಳೆಯಿಂದ ಒಂದು ಗಂಟೆಗೂ ಹೆಚ್ಚು ಹೊತ್ತು ನಿಂತುಹೋಗಿತ್ತು. ತಮ್ಮ ಪಂದ್ಯ ಮುಗಿದ ಮೇಲೂ ಲಾಜಿಯೋ ಅಭಿಮಾನಿಗಳು ಕಿವಿಗೆ ರೇಡಿಯೋ ಹಚ್ಚಿಕೊಂಡು ಮೈದಾನದಲ್ಲೇ ಕಾದರು. ಯುವೆಂಟಸ್ 0-1ರಿಂದ ಸೋತಿತು; 72 ಅಂಕ ಗಳಿಸಿದ್ದ ಲಾಜಿಯೋ ಒಂದೇ ಅಂಕದ ಅಂತರದಿಂದ, 1974ರ ನಂತರ ಮೊದಲ ಬಾರಿಗೆ, ಇಟಲಿಯ ಚಾಂಪಿಯನ್ ಆಯಿತು. ಆ ತಂಡದ ಚೆಂಡು ಎತ್ತ ಸಾಗಬೇಕೆಂದು ವರ್ಷವಿಡೀ ನಿರ್ಧರಿಸಿದವರು ವೆರೋನ್.

ಒಂದು ವರ್ಷ ಕಳೆಯಿತು. ಕ್ಲಬ್ಬಿಗೆ ಹಣ ಬೇಕಾಗಿ, 2001ರ ಬೇಸಿಗೆಯಲ್ಲಿ ಲಾಜಿಯೋ ವೆರೋನ್ ಅವರನ್ನೂ ಪಾವೆಲ್ ನೆಡ್ವೆಡ್ ಅವರನ್ನೂ ಮಾರಿತು. ಮರುವರ್ಷ ಚಿರಿಯೋ ಸಾಲ ತೀರಿಸಲಾಗದೆ ಕುಸಿಯಿತು. 2003ರ ಕೊನೆಯಲ್ಲಿ ಪಾರ್ಮಲಾಟ್ ಕೂಡ ಮುಳುಗಿತು. ಆಟಗಾರನೊಬ್ಬ ಕ್ಲಬ್ ಬಿಟ್ಟಾಗ ನಾವು ಅವನ ನಿಷ್ಠೆಯನ್ನು ಪ್ರಶ್ನಿಸುತ್ತೇವೆ. ಒಡೆಯನ ಲೆಕ್ಕಪುಸ್ತಕವನ್ನು ತೆರೆದು ನೋಡುವುದಿಲ್ಲ. ತಮ್ಮ ಪತ್ರದ ಬಗ್ಗೆ ನನಗಿರುವ ಮುಖ್ಯ ತಕರಾರು ಇದೇ.

ಇನ್ನು ಇಂಗ್ಲೆಂಡ್. ಮ್ಯಾಂಚೆಸ್ಟರ್ ಯುನೈಟೆಡ್ 2.81 ಕೋಟಿ ಪೌಂಡ್ ಕೊಟ್ಟಿತು. ಅಲ್ಲಿ ಆಗಲೇ ರಾಯ್ ಕೀನ್ ಮತ್ತು ಪಾಲ್ ಸ್ಕೋಲ್ಸ್ ನಡುಮೈದಾನದಲ್ಲಿ ನೆಲೆಯೂರಿದ್ದರು. ವೆರೋನ್ ಅವರಿಗೆ ಜಾಗ ಮಾಡಲು ಕೋಚ್ ಅಲೆಕ್ಸ್ ಫರ್ಗ್ಯುಸನ್ ಅವರು ಸ್ಕೋಲ್ಸ್ ಅವರನ್ನು ಮುಂದಕ್ಕೆ, ಮುಂಚೂಣಿಯ ಆಟಗಾರ ವಾನ್ ನಿಸ್ಟಲ್‌ರೂಯ್ ಬೆನ್ನಿಗೆ ಸರಿಸಿದರು. ವರ್ಷಗಳಿಂದ ಒಗ್ಗಿಹೋಗಿದ್ದ ತಂಡದ ಆಕಾರವೇ ಬದಲಾಯಿತು. ಇಟಲಿಯಲ್ಲಿ ಚೆಂಡು ಸಿಕ್ಕ ಮೇಲೆ ತಲೆಯೆತ್ತಿ ನೋಡಲು ಒಂದು ಕ್ಷಣ ದೊರೆಯುತ್ತಿತ್ತು. ಇಂಗ್ಲೆಂಡಿನ ಲೀಗಿನಲ್ಲಿ ಆ ಕ್ಷಣದೊಳಗೆ ಎದುರಾಳಿ ಮೈಮೇಲೆ ಬಂದಿರುತ್ತಿದ್ದ. ಜೊತೆಗೆ ಗಾಯಗಳು. ಹೀಗಿದ್ದೂ ಆ ಎರಡು ವರ್ಷಗಳು ಬರಿದಾಗಿರಲಿಲ್ಲ. 2001ರ ಸೆಪ್ಟೆಂಬರ್‌ನಲ್ಲಿ ಟಾಟನಂ ವಿರುದ್ಧ ಅರ್ಧ ಪಂದ್ಯದ ಹೊತ್ತಿಗೆ 0-3ರಿಂದ ಹಿಂದಿದ್ದ ಯುನೈಟೆಡ್ 5-3ರಿಂದ ಗೆದ್ದಾಗ ತಂಡವನ್ನು ಮುನ್ನಡೆಗೆ ತಂದ ನಾಲ್ಕನೇ ಗೋಲು ಅವರದು. 2003ರಲ್ಲಿ ಲೀಗ್ ಗೆದ್ದ ತಂಡದಲ್ಲಿ ಅವರಿದ್ದರು. ಎದುರಾಳಿಗಳು ಹಿಂದೆ ಸರಿದು ಜಾಗ ಬಿಡುತ್ತಿದ್ದ ಚಾಂಪಿಯನ್ಸ್ ಲೀಗಿನ ರಾತ್ರಿಗಳಲ್ಲಿ ಅವರ ಆಟ ಬೇರೆಯೇ ಆಗಿರುತ್ತಿತ್ತು. ಆದರೂ ತಾವು ಹೇಳುವುದರಲ್ಲಿ ಸತ್ಯವಿದೆ ಎಂದು ಒಪ್ಪುತ್ತೇನೆ: ಲೀಗಿನ 51 ಪಂದ್ಯಗಳಲ್ಲಿ 7 ಗೋಲು, ಆ ಬೆಲೆಗೆ ತಕ್ಕ ಫಲವಲ್ಲ. 2003ರಲ್ಲಿ, ಆಗಷ್ಟೇ ರಷ್ಯಾದ ಸಿರಿವಂತ ರೋಮನ್ ಅಬ್ರಮೋವಿಚ್ ಕೊಂಡಿದ್ದ ಲಂಡನ್ನಿನ ಚೆಲ್ಸಿ, ಸುಮಾರು ಅರ್ಧ ಬೆಲೆಗೆ ಅವರನ್ನು ಪಡೆಯಿತು. ಲಿವರ್‌ಪೂಲ್ ವಿರುದ್ಧ ಮೊದಲ ಪಂದ್ಯದಲ್ಲೇ ಗೋಲು ಹೊಡೆದರು. ಆಮೇಲೆ ಬೆನ್ನುನೋವು ಕಾಡಿ ಲೀಗಿನಲ್ಲಿ ಏಳೇ ಪಂದ್ಯಗಳಿಗೆ ನಿಂತರು.

ನಮ್ಮಲ್ಲಿ ಆ ವರ್ಷಗಳಲ್ಲಿ ವಾರಾಂತ್ಯದ ಟಿವಿಯಲ್ಲಿ ಬಹುಮಟ್ಟಿಗೆ ಕಾಣುತ್ತಿದ್ದದ್ದು ಇಂಗ್ಲೆಂಡಿನ ಲೀಗ್. ಹಾಗಾಗಿ ಇಪ್ಪತ್ತು ವರ್ಷಗಳಷ್ಟು ಉದ್ದದ ಒಂದು ವೃತ್ತಿಜೀವನದಲ್ಲಿ ಅತ್ಯಂತ ಸಪ್ಪೆಯಾದ ಮೂರು ವರ್ಷಗಳೇ ನಮ್ಮ ಕಣ್ಣಲ್ಲಿ ಉಳಿದುಬಿಟ್ಟವು. ಇದು ತಮ್ಮೊಬ್ಬರ ಅನುಭವವಲ್ಲ. ವೆರೋನ್ ಎಂದೊಡನೆ ‘ದುಡ್ಡು ದಂಡ’ ಎಂದವರ ಮಾತನ್ನು ನಾನು ಹಲವು ಬಾರಿ ಕೇಳಿದ್ದೇನೆ.

ಅವರ ತಾಯ್ನಾಡಿನಲ್ಲಿ ಇದಕ್ಕಿಂತ ಕಠಿಣವಾದ ಮಾತುಗಳು ಕೇಳಿಬಂದವು. 1998ರ ವಿಶ್ವಕಪ್‌ನಲ್ಲಿ ಇಂಗ್ಲೆಂಡ್ ವಿರುದ್ಧ ಫ್ರೀ ಕಿಕ್ಕಿನಿಂದ ಚೆಂಡನ್ನು ಎದುರಾಳಿ ಆಟಗಾರರು ಸಾಲಾಗಿ ನಿಂತು ಕಟ್ಟಿದ ಗೋಡೆಯ ಪಕ್ಕಕ್ಕೆ ಜಾರಿಸಿ ಜೊತೆಗಾರ ಜಾನೆಟ್ಟಿ ಅವರಿಗೆ ಗೋಲು ಮಾಡಿಕೊಟ್ಟ ವೆರೋನ್ ಅವರನ್ನು ಅರ್ಜೆಂಟೀನಾ ಹೊತ್ತು ಮೆರೆಸಿತ್ತು. 2002ರಲ್ಲಿ ಕೋಚ್ ಮಾರ್ಸೆಲೊ ಬಿಯೆಲ್ಸಾ ಅವರ ತಂಡದ ನಾಯಕರಾಗಿ ಅವರು ಜಪಾನಿಗೆ ಹೋದರು. ಸಪ್ಪೊರೊದಲ್ಲಿ ಬೆಕಮ್ ಅವರ ಪೆನಾಲ್ಟಿಯಿಂದ ಇಂಗ್ಲೆಂಡ್ ಗೆದ್ದಿತು. ವೆರೋನ್ ಅವರನ್ನು ಅರ್ಧ ಪಂದ್ಯಕ್ಕೇ ಹೊರಗೆ ಕರೆಯಲಾಯಿತು. ಅರ್ಜೆಂಟೀನಾ ಗುಂಪಿನ ಹಂತದಲ್ಲೇ ಮನೆಗೆ ಮರಳಿತು. ಇಂಗ್ಲೆಂಡಿನ ಸಂಬಳ ಉಣ್ಣುವವನು ಇಂಗ್ಲೆಂಡ್ ವಿರುದ್ಧ ಮನಸ್ಸಿಟ್ಟು ಆಡಲಿಲ್ಲ ಎಂಬ ಅನ್ಯಾಯದ ಆರೋಪ ಅವರ ಬೆನ್ನು ಹತ್ತಿತು. ಆಗ ಆರ್ಥಿಕ ಕುಸಿತದಿಂದ ನಲುಗಿದ್ದ ದೇಶ ಅದು; ಯಾರ ಮೇಲಾದರೂ ಸಿಟ್ಟು ತೀರಿಸಿಕೊಳ್ಳಬೇಕಿತ್ತು. 2006ರ ವಿಶ್ವಕಪ್‌ಗೆ ಅವರನ್ನು ಆರಿಸಲಿಲ್ಲ.

ಅದೇ ಬೇಸಿಗೆಯಲ್ಲಿ ಅವರು ಮಾಡಿದ್ದನ್ನು ಪತ್ರದಲ್ಲಿ ತಾವು ಪ್ರಸ್ತಾಪಿಸಿಯೇ ಇಲ್ಲ. ಎರಡು ವರ್ಷ ಇಂಟರ್ ಮಿಲಾನ್‌ಗೆ ಎರವಲಾಗಿ ಆಡಿ ಕಪ್‌ಗಳನ್ನು ಗೆದ್ದಿದ್ದ, ಯುರೋಪಿನಲ್ಲಿ ಇನ್ನೂ ಬೆಲೆಯಿದ್ದ 31 ವರ್ಷದ ಆಟಗಾರ ಲಾ ಪ್ಲಾಟಾಕ್ಕೆ ಮರಳಿದರು. ಎಸ್ತುದಿಯಾಂತೆಸ್ 1983ರಿಂದೀಚೆಗೆ ಲೀಗ್ ಗೆದ್ದಿರಲಿಲ್ಲ. ಕೋಚ್ ಆಗಿದ್ದವರು ಲಾಜಿಯೋದ ಹಳೆಯ ಜೊತೆಗಾರ ಡಿಯಾಗೊ ಸಿಮಿಯೋನೆ. ಅಕ್ಟೋಬರ್‌ನಲ್ಲಿ ಊರಿನ ಸಾಂಪ್ರದಾಯಿಕ ಎದುರಾಳಿ ಜಿಮ್ನಾಸಿಯಾ ತಂಡವನ್ನು 7-0ಯಿಂದ ಸೋಲಿಸಿದರು. ಪ್ರಶಸ್ತಿಗೆ ಕೊನೆಯ ಎರಡು ಪಂದ್ಯಗಳಲ್ಲಿ ಒಂದೇ ಅಂಕ ಬೇಕಿದ್ದ ಬೋಕಾ ಎರಡನ್ನೂ ಸೋತಿತು. ಸಮಬಲವಾದ ತಂಡಗಳು ಡಿಸೆಂಬರ್ 13ರಂದು ನಿರ್ಣಾಯಕ ಪಂದ್ಯ ಆಡಿದವು. ಮೊದಲು ಗೋಲು ಬಿಟ್ಟುಕೊಟ್ಟರೂ ಎಸ್ತುದಿಯಾಂತೆಸ್ 2-1ರಿಂದ ಗೆದ್ದಿತು.

ಆದರೆ ಆ ಮನೆಯ ಋಣ ಲೀಗಿನಿಂದ ತೀರುವಂಥದ್ದಾಗಿರಲಿಲ್ಲ. ತಂದೆಯ ತಂಡ 1970ರಲ್ಲಿ ಗೆದ್ದ ಲಿಬರ್ಟಡೋರೆಸ್ 39 ವರ್ಷಗಳಿಂದ ಊರಿಗೆ ಬಂದಿರಲಿಲ್ಲ. 2009ರ ಫೈನಲ್‌ನ ಮೊದಲ ಪಂದ್ಯ ಲಾ ಪ್ಲಾಟಾದಲ್ಲಿ ಗೋಲಿಲ್ಲದೆ ಮುಗಿದಾಗ ಬ್ರೆಜಿಲ್‌ನ ಕ್ರುಜೇರೊ ತಂಡಕ್ಕೆ ಅರ್ಧ ಕೆಲಸ ಮುಗಿದಂತಿತ್ತು. ಜುಲೈ 15ರಂದು ಬೆಲೊ ಹೊರಿಜೊಂಟೆಯ ಮಿನೆರಾವ್ ಮೈದಾನದಲ್ಲಿ ಕ್ರುಜೇರೊ ತಂಡವೇ ಮೊದಲು ಗೋಲು ಹೊಡೆಯಿತು. ಎಸ್ತುದಿಯಾಂತೆಸ್‌ನ ಗಾಸ್ಟೊನ್ ಫರ್ನಾಂಡಿಸ್ ಸಮ ಮಾಡಿದರು. ಬಳಿಕ ವೆರೋನ್ ಒದ್ದ ಕಾರ್ನರ್ ಕಿಕ್ಕಿಗೆ ಮೌರೊ ಬೊಸೆಲ್ಲಿ ತಲೆ ಕೊಟ್ಟರು, 2-1. ಮಗ ಮೂವತ್ನಾಲ್ಕನೇ ವಯಸ್ಸಿನಲ್ಲಿ ತಂದೆಯ ಕಪ್ಪನ್ನು ಎತ್ತಿದರು. 2008 ಮತ್ತು 2009ರಲ್ಲಿ ಸತತವಾಗಿ ದಕ್ಷಿಣ ಅಮೆರಿಕದ ವರ್ಷದ ಆಟಗಾರರಾಗಿ ಆಯ್ಕೆಯಾದರು. 2009ರ ಡಿಸೆಂಬರ್‌ನಲ್ಲಿ ಅಬುಧಾಬಿಯಲ್ಲಿ ನಡೆದ ಕ್ಲಬ್ ವಿಶ್ವಕಪ್ ಫೈನಲ್‌ನಲ್ಲಿ ಮೆಸ್ಸಿ ಅವರ ಬಾರ್ಸಿಲೋನಾ ವಿರುದ್ಧ 89ನೇ ನಿಮಿಷದವರೆಗೆ ಮುನ್ನಡೆಯಲ್ಲಿದ್ದು, ಹೆಚ್ಚುವರಿ ಸಮಯದಲ್ಲಿ 1-2ರಿಂದ ಸೋತರು. ಆ ಸೋಲು ನನಗೆ ಈಗಲೂ ನೋವು ಕೊಡುತ್ತದೆ. ಕೈಬಿಟ್ಟಿದ್ದ ರಾಷ್ಟ್ರೀಯ ತಂಡ ಮತ್ತೆ ಕರೆಯಿತು. 2010ರ ವಿಶ್ವಕಪ್‌ನಲ್ಲಿ, ಮರಡೋನ ಕೋಚ್ ಆಗಿದ್ದ ತಂಡದಲ್ಲಿ, ನೈಜೀರಿಯಾ ವಿರುದ್ಧ ಹೈನ್ಸೆ ಹೊಡೆದ ಗೋಲಿಗೆ ಕಾರ್ನರ್ ಒದ್ದವರು 35ರ ವೆರೋನ್.

ನಂತರದ ವಿಷಯ ಬೇಗ ಹೇಳಬಹುದು. 2014ರಲ್ಲಿ ಆಟ ನಿಲ್ಲಿಸಿ, ಅದೇ ವರ್ಷ ಕ್ಲಬ್ಬಿನ ಅಧ್ಯಕ್ಷರಾದರು. 2005ರಿಂದ ಮುಚ್ಚಿದ್ದ ಹಳೆಯ ಮೈದಾನದ ಜಾಗದಲ್ಲಿ ಹೊಸ ಕ್ರೀಡಾಂಗಣ ಕಟ್ಟಲು ಹಣ ಬೇಕಿತ್ತು. ಅಲ್ಲಿನ ಬಾಕ್ಸ್‌ಗಳಲ್ಲಿ (ಪಂದ್ಯ ನೋಡುವ ವಿಶೇಷ ಕೋಣೆಗಳಲ್ಲಿ) ಶೇ. 65ರಷ್ಟನ್ನು ಅಭಿಮಾನಿಗಳು ಕೊಂಡರೆ ತಾನು ಮತ್ತೆ ಆಡುವುದಾಗಿ ಅವರು ಮಾತು ಕೊಟ್ಟರು. ಕನಿಷ್ಠ ವೇತನದ ಕರಾರಿಗೆ ಸಹಿ ಹಾಕಿ, 2017ರ ಲಿಬರ್ಟಡೋರೆಸ್‌ನಲ್ಲಿ 42ನೇ ವಯಸ್ಸಿನಲ್ಲಿ ಮೈದಾನಕ್ಕಿಳಿದರು. ಒಂದನೇ ಬೀದಿ ಮತ್ತು ಐವತ್ತೇಳನೇ ಬೀದಿ ಕೂಡುವಲ್ಲಿ ಆ ಕ್ರೀಡಾಂಗಣ 2019ರ ನವೆಂಬರ್‌ನಲ್ಲಿ ತೆರೆಯಿತು.

ಇನ್ನು ಕೊನೆಯ ಪ್ರಶ್ನೆ. ಲಾಜಿಯೋದಲ್ಲಿ 23, ಮ್ಯಾಂಚೆಸ್ಟರ್‌ನಲ್ಲಿ 4 ತೊಟ್ಟ ಮಿಡ್‌ಫೀಲ್ಡರ್, ಊರಿಗೆ ಮರಳಿದ ಮೇಲೆ ವಿಂಗರ್‌ಗಳ 11ನ್ನು ಏಕೆ ತೊಟ್ಟರೆಂದು ಕೇಳಿದ್ದೀರಿ. ಎಸ್ತುದಿಯಾಂತೆಸ್‌ನ ಎಡ ವಿಂಗ್‌ನಲ್ಲಿ ಹುವಾನ್ ರಮೋನ್ ವೆರೋನ್ ಅವರು ತೊಡುತ್ತಿದ್ದ ಅಂಗಿಯ ಸಂಖ್ಯೆ ಅದೇ.

ತಮ್ಮ ವಿಶ್ವಾಸಿ,
ಸಂಪಾದಕ