ಬಾನುಲಿಗೆ ಕೊಟ್ಟ ಹೆಸರು, ದನಿ, ಫೋನ್ ನಂಬರು: ಓದುಗರ ಪ್ರಶ್ನೆಗಳಿಗೆ ಉತ್ತರ

ಸಾರ್ವಜನಿಕ ಪ್ರಸಾರ ಸಂಸ್ಥೆಗಳು ಕೇಳುಗರ ಮತ್ತು ನೋಡುಗರ ವೈಯಕ್ತಿಕ ಮಾಹಿತಿಯನ್ನು ಹೇಗೆ ಕಾಪಾಡಬೇಕು ಎಂಬ ಬಗ್ಗೆ ಉತ್ತರ ಕನ್ನಡದ ಓದುಗರಿಂದ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಈ ಸಂಚಿಕೆಗೆ ಆಯ್ದುಕೊಂಡಿದ್ದೇವೆ. ವಿಷಯವೇ ಖಾಸಗಿತನವಾದ್ದರಿಂದ ಪ್ರಶ್ನೆ ಕೇಳಿದವರ ಹೆಸರು ಬಿಟ್ಟು ಊರನ್ನಷ್ಟೇ ಕೊಟ್ಟಿದೆ.

ಪ್ರಶ್ನೆ: ನಾನು ಮೊದಲಿನಿಂದಲೂ ಟ್ರಾನ್ಸಿಸ್ಟರಿನಲ್ಲಿ ಆಕಾಶವಾಣಿ ಕೇಳುವವನು. ಈಗ ಮಗ ಮೊಬೈಲಿಗೆ ಆ್ಯಪ್ ಹಾಕಿಕೊಟ್ಟಿದ್ದಾನೆ. ಅದರಲ್ಲಿ ಕೇಳಿದರೆ ನಾನು ಯಾರು, ಏನೇನು ಕೇಳುತ್ತೇನೆ ಎಂಬುದು ಸಂಸ್ಥೆಗೆ ತಿಳಿಯುತ್ತದೆಯೇ? (ಕುಮಟಾ)

ಉತ್ತರ: ಟ್ರಾನ್ಸಿಸ್ಟರ್ ಬಾನಿನಿಂದ ಬಂದ ಅಲೆಯನ್ನು ಹಿಡಿಯುತ್ತದೆ, ತಾನಾಗಿ ಏನನ್ನೂ ವಾಪಸು ಕಳುಹಿಸುವುದಿಲ್ಲ. ಧಾರವಾಡದ ಮೀಡಿಯಂ ವೇವ್ ಇರಲಿ, ಕಾರವಾರದ ಎಫ್‌ಎಂ ಇರಲಿ, ಬೆಳಗಿನ ಜಾವ ದೋಣಿಯಲ್ಲಿ ಕುಳಿತು ಹವಾಮಾನ ವರದಿ ಕೇಳಿದವರು ಯಾರೆಂದು ಕೇಂದ್ರಕ್ಕೆ ತಿಳಿಯುವ ದಾರಿಯೇ ಇಲ್ಲ. ಹಾಗೆಂದು ಹಳೆಯ ಕಾಲದಲ್ಲಿ ಕೇಳುಗರ ಲೆಕ್ಕ ಯಾರ ಬಳಿಯೂ ಇರಲಿಲ್ಲವೆಂದಲ್ಲ. 1980ರ ದಶಕದಲ್ಲಿ ರದ್ದಾಗುವವರೆಗೂ ರೇಡಿಯೋ ಇಟ್ಟುಕೊಂಡವರು ಅಂಚೆ ಕಚೇರಿಯಲ್ಲಿ ಹಣ ಕಟ್ಟಿ ಲೈಸೆನ್ಸ್ ಮಾಡಿಸಬೇಕಿತ್ತು. ಆದರೆ ಆ ದಾಖಲೆಯಲ್ಲಿ ಇದ್ದದ್ದು ಯಾರ ಮನೆಯಲ್ಲಿ ರೇಡಿಯೋ ಇದೆ ಎಂಬ ವಿಷಯ ಮಾತ್ರ. ಆ ಮನೆಯವರು ರಾತ್ರಿ ಎಷ್ಟು ಹೊತ್ತಿನವರೆಗೆ, ಯಾವ ಕಾರ್ಯಕ್ರಮ ಕೇಳಿದರು ಎಂಬುದು ಅಂಚೆ ಕಚೇರಿಗೂ ಗೊತ್ತಿರಲಿಲ್ಲ, ಆಕಾಶವಾಣಿಗೂ ಗೊತ್ತಿರಲಿಲ್ಲ.

ಆ್ಯಪ್ ಕೆಲಸ ಮಾಡುವ ಬಗೆ ಬೇರೆ. ಧ್ವನಿ ಹರಿದು ಬರಬೇಕಾದರೆ ನಿಮ್ಮ ಫೋನು ಎಲ್ಲೋ ಇರುವ ಸರ್ವರನ್ನು ಸಂಪರ್ಕಿಸಲೇಬೇಕು. ಆಗ ನಿಮ್ಮ ಐಪಿ ವಿಳಾಸ (ಇಂಟರ್ನೆಟ್ಟಿನಲ್ಲಿ ನಿಮ್ಮ ಸಂಪರ್ಕವನ್ನು ಗುರುತಿಸುವ ಸಂಖ್ಯೆ), ಫೋನಿನ ಮಾದರಿ, ಸಂಪರ್ಕಿಸಿದ ಹೊತ್ತು, ಆರಿಸಿದ ಕೇಂದ್ರ ಇವೆಲ್ಲ ಸರ್ವರಿನ ದಾಖಲೆಗೆ ಸೇರಲು ಸಾಧ್ಯವಿದೆ. ಇಷ್ಟರಿಂದಲೇ ನಿಮ್ಮ ಹೆಸರು ತಿಳಿಯುವುದಿಲ್ಲ. ಮೊಬೈಲ್ ನಂಬರು ಅಥವಾ ಇಮೇಲ್ ಕೊಟ್ಟು ಖಾತೆ ತೆರೆದ ಕ್ಷಣದಿಂದ ಆ ದಾಖಲೆ ನಿಮ್ಮ ಹೆಸರಿಗೆ ಜೋಡಣೆಯಾಗುತ್ತದೆ. ಬ್ರಿಟನ್ನಿನ ಬಿಬಿಸಿ 2017ರಿಂದ ಇಂಟರ್ನೆಟ್ಟಿನಲ್ಲಿ ಕಾರ್ಯಕ್ರಮ ತೋರಿಸುವ ತನ್ನ ಐಪ್ಲೇಯರ್ ಸೇವೆಯನ್ನು ನೋಡುವವರಿಗೆ ಖಾತೆಯನ್ನು ಕಡ್ಡಾಯ ಮಾಡಿತು. ನೋಡುಗರ ಅಭಿರುಚಿಗೆ ತಕ್ಕಂತೆ ಕಾರ್ಯಕ್ರಮ ಸೂಚಿಸಲು ಇದು ಬೇಕೆಂಬುದು ಅದು ಕೊಟ್ಟ ಕಾರಣಗಳಲ್ಲೊಂದು. ಆ ಕಾರಣ ಸುಳ್ಳಲ್ಲ. ಆದರೂ ಜನರ ಹಣದಿಂದ ನಡೆಯುವ ಸಂಸ್ಥೆಯಲ್ಲಿ ಹೆಸರು ಹೇಳದೆಯೂ ಕೇಳಲು, ನೋಡಲು ಒಂದು ದಾರಿ ಸದಾ ತೆರೆದಿರಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ, ಏಕೆಂದರೆ ಸಂಗ್ರಹಿಸದೇ ಇದ್ದ ಮಾಹಿತಿಯನ್ನು ಯಾರೂ ಕದಿಯಲಾರರು. 2024ರಲ್ಲಿ ಅದೇ ಬಿಬಿಸಿಯ ಪಿಂಚಣಿ ಯೋಜನೆಯಲ್ಲಿದ್ದ ಸುಮಾರು 25,000 ಹಾಲಿ ಮತ್ತು ಮಾಜಿ ನೌಕರರ ಹೆಸರು, ಜನ್ಮದಿನಾಂಕ, ಮನೆಯ ವಿಳಾಸಗಳು ಕಳುವಾದವು. ಅಷ್ಟು ದೊಡ್ಡ ವ್ಯವಸ್ಥೆಯಿರುವ ಸಂಸ್ಥೆಗೇ ಹೀಗಾಗಿದೆ.

ನೀವು ಈಗಲೇ ಮಾಡಬಹುದಾದದ್ದು ಇಷ್ಟು. ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ, ಆ್ಯಪ್‌ಗಳ ಪಟ್ಟಿಯಲ್ಲಿ ಆ ಆ್ಯಪನ್ನು ಒತ್ತಿ, ಪರ್ಮಿಷನ್ಸ್ ಎಂಬುದನ್ನು ತೆರೆದು ನೋಡಿ. ಬರೀ ಬಾನುಲಿ ಕೇಳುವುದಕ್ಕೆ ನಿಮ್ಮ ಕಾಂಟ್ಯಾಕ್ಟ್‌ಗಳಾಗಲಿ, ಮೈಕ್ ಆಗಲಿ, ನೀವಿರುವ ಜಾಗದ ಮಾಹಿತಿಯಾಗಲಿ ಬೇಕಿಲ್ಲ. ಅಂಥ ಅನುಮತಿ ಕೊಟ್ಟಿದ್ದರೆ ತೆಗೆದುಹಾಕಿ, ಹಾಡು ನಿಲ್ಲುವುದಿಲ್ಲ.

ಪ್ರಶ್ನೆ: ಬಾನುಲಿ ಕೇಂದ್ರವೊಂದರ ನೇರ ಫೋನ್-ಇನ್ ಕಾರ್ಯಕ್ರಮದಲ್ಲಿ ವೈದ್ಯರೊಂದಿಗೆ ನನ್ನ ಕಾಯಿಲೆಯ ಬಗ್ಗೆ ಮಾತನಾಡಿದ್ದೆ. ಹೆಸರು, ಊರು ಎರಡನ್ನೂ ಹೇಳಿದ್ದೆ. ಅದು ಅಂದಿಗೇ ಮುಗಿಯಿತೆಂದುಕೊಂಡಿದ್ದರೆ, ಈಗ ಇಡೀ ಸಂಭಾಷಣೆ ಯೂಟ್ಯೂಬಿನಲ್ಲಿದೆ. ಸೊಸೈಟಿಗೆ ಹೋದರೂ ಮದುವೆಮನೆಗೆ ಹೋದರೂ ಜನ ಕಾಯಿಲೆಯ ಬಗ್ಗೆಯೇ ವಿಚಾರಿಸುತ್ತಾರೆ. ಅದನ್ನು ತೆಗೆಸಲು ಸಾಧ್ಯವೇ? (ಶಿರಸಿ)

ಉತ್ತರ: ಸಾಧ್ಯವಿದೆ, ಮತ್ತು ನೀವು ಸಂಕೋಚವಿಲ್ಲದೆ ಕೇಳಬೇಕು. ನೇರ ಪ್ರಸಾರದಲ್ಲಿ ಒಂದು ಸಲ ಮಾತನಾಡಲು ಒಪ್ಪಿದ್ದೀರಿ ಎಂದ ಮಾತ್ರಕ್ಕೆ, ಆ ಮಾತು ಮುಂದೆ ಯಾವಾಗ ಬೇಕಾದರೂ, ಯಾರು ಬೇಕಾದರೂ ಹುಡುಕಿ ಕೇಳುವಂತೆ ಅಂತರ್ಜಾಲದಲ್ಲಿ ಇರಲಿ ಎಂದು ಒಪ್ಪಿದಂತಾಗುವುದಿಲ್ಲ. ಬಾನುಲಿಯ ಮಾತು ಆ ಗಳಿಗೆಯಲ್ಲಿ ರೇಡಿಯೋ ಹಾಕಿಕೊಂಡವರಿಗೆ ಮಾತ್ರ ತಲುಪಿ ಮುಗಿಯುತ್ತಿದ್ದ ದಿನಗಳಲ್ಲಿ ರೂಢಿಗೆ ಬಂದ ಕಾರ್ಯಕ್ರಮಗಳನ್ನು, ಅದೇ ಕ್ರಮದಲ್ಲಿ, ಕೇಳುಗರಿಗೆ ಒಂದು ಮಾತೂ ತಿಳಿಸದೆ ಯೂಟ್ಯೂಬಿಗೆ ಏರಿಸುವುದೇ ತಪ್ಪಿನ ಮೂಲ. ಕೃಷಿ ಕಾರ್ಯಕ್ರಮಕ್ಕೆ ಫೋನ್ ಮಾಡಿ ಅಡಿಕೆಯ ಕೊಳೆರೋಗಕ್ಕೆ ಬೋರ್ಡೊ ಯಾವಾಗ ಹೊಡೆಯಬೇಕೆಂದು ಕೇಳಿದ ಧ್ವನಿ ಅಲ್ಲಿದ್ದರೆ ಯಾರಿಗೂ ನಷ್ಟವಿಲ್ಲ, ಹತ್ತು ಜನರಿಗೆ ಉಪಯೋಗವೇ ಆದೀತು. ಗರ್ಭಕೋಶದ ತೊಂದರೆ, ಮನಸ್ಸಿನ ಕಾಯಿಲೆ, ಕುಡಿತ ಬಿಡಿಸುವ ಔಷಧ ಇವುಗಳ ಮಾತು ಹಾಗಲ್ಲ. ಮೊದಲನೆಯದಕ್ಕೂ ಎರಡನೆಯದಕ್ಕೂ ಒಂದೇ ನಿಯಮ ಹಚ್ಚುವ ಕೇಂದ್ರ ತನ್ನ ಕೇಳುಗರನ್ನು ಅರಿತಿಲ್ಲ ಎಂದೇ ಹೇಳಬೇಕಾಗುತ್ತದೆ.

ಕಾನೂನಿನ ಸ್ಥಿತಿ ಹೀಗಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನವು ಮೂಲಭೂತ ಹಕ್ಕು ಎಂದು ಸರ್ವಾನುಮತದಿಂದ ತೀರ್ಪಿತ್ತಿತು. ಆ ಬಳಿಕ ಬಂದದ್ದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಅದರ ಪ್ರಕಾರ ಸಮ್ಮತಿಯನ್ನು ಯಾವ ಉದ್ದೇಶಕ್ಕೆಂದು ಸ್ಪಷ್ಟವಾಗಿ ಹೇಳಿ ಪಡೆಯಬೇಕು. ಕೊಟ್ಟ ಸಮ್ಮತಿಯನ್ನು ಕೊಟ್ಟಷ್ಟೇ ಸುಲಭವಾಗಿ ಹಿಂಪಡೆಯಲು ಬರಬೇಕು. ಉದ್ದೇಶ ತೀರಿದ ಮೇಲೆ ಮಾಹಿತಿಯನ್ನು ಅಳಿಸಬೇಕು. ಮಾಹಿತಿಯ ಭದ್ರತೆಯಲ್ಲಿ ಲೋಪವಾದರೆ 250 ಕೋಟಿ ರೂಪಾಯಿವರೆಗೂ ದಂಡ ಹಾಕಬಹುದು. ಆದರೆ ಒಂದು ವಿಷಯ ನೆನಪಿರಲಿ: ಕಾಯ್ದೆಯ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು, ಮತ್ತು ಸಂಸ್ಥೆಗಳ ಮುಖ್ಯ ಹೊಣೆಗಳು ಜಾರಿಗೆ ಬರಲು ಅಲ್ಲಿಂದ 18 ತಿಂಗಳ ಕಾಲಾವಕಾಶ ಕೊಡಲಾಗಿದೆ. ಆದ್ದರಿಂದ 2027ರ ಮೇ ತಿಂಗಳಿಗೆ ಮುಂಚೆ ಈ ಕಾಯ್ದೆಯೊಂದನ್ನೇ ಹಿಡಿದುಕೊಂಡು ಹೋದರೆ ಪ್ರಯೋಜನ ಕಡಿಮೆ.

ಅಲ್ಲಿಯವರೆಗೆ ಕೈಕಟ್ಟಿ ಕೂರಬೇಕಿಲ್ಲ. ಮೊದಲು ಕೇಂದ್ರದ ಮುಖ್ಯಸ್ಥರಿಗೆ ಒಂದು ಪತ್ರ ಬರೆಯಿರಿ. ಕಾರ್ಯಕ್ರಮದ ಹೆಸರು, ಪ್ರಸಾರವಾದ ದಿನ, ವಿಡಿಯೋದ ಕೊಂಡಿ, ಎಷ್ಟನೆಯ ನಿಮಿಷದಿಂದ ಎಷ್ಟನೆಯ ನಿಮಿಷದವರೆಗೆ ನಿಮ್ಮ ಮಾತಿದೆ ಎಂಬುದನ್ನು ನಮೂದಿಸಿ, ಅಷ್ಟು ಭಾಗವನ್ನು ತೆಗೆಯಲು ಕೋರಿ. ಇಡೀ ಕಾರ್ಯಕ್ರಮ ತೆಗೆಯಿರಿ ಎನ್ನುವುದಕ್ಕಿಂತ ಇದನ್ನು ಒಪ್ಪುವುದು ಅವರಿಗೂ ಸುಲಭ. ಪತ್ರದಲ್ಲಿ ಕಾಯಿಲೆಯ ಹೆಸರನ್ನು ಮತ್ತೆ ಬರೆಯಬೇಡಿ. ಕಚೇರಿಯ ಕಡತದಲ್ಲಿ ಅದು ಇನ್ನೊಮ್ಮೆ ಸೇರುವುದು ಬೇಡ. ಉತ್ತರ ಬಾರದಿದ್ದರೆ ಯೂಟ್ಯೂಬಿನಲ್ಲಿಯೇ ಖಾಸಗಿತನದ ದೂರು ಸಲ್ಲಿಸುವ ವ್ಯವಸ್ಥೆಯಿದೆ. ಮುಖವಷ್ಟೇ ಅಲ್ಲ, ಧ್ವನಿ ಮತ್ತು ಪೂರ್ಣ ಹೆಸರಿನಿಂದ ವ್ಯಕ್ತಿಯನ್ನು ಗುರುತಿಸಲು ಬರುವಂತಿದ್ದರೆ ಅದನ್ನೂ ಅವರು ಪರಿಗಣಿಸುತ್ತಾರೆ. ಕೇಂದ್ರವು ಸರ್ಕಾರಿ ವ್ಯವಸ್ಥೆಗೆ ಸೇರಿದ್ದರೆ, 10 ರೂಪಾಯಿ ಶುಲ್ಕ ಕಟ್ಟಿ, ಫೋನ್-ಇನ್ ಧ್ವನಿಮುದ್ರಣಗಳನ್ನು ಎಷ್ಟು ಕಾಲ ಇಟ್ಟುಕೊಳ್ಳುತ್ತೀರಿ, ಅಂತರ್ಜಾಲಕ್ಕೆ ಹಾಕಲು ಯಾವ ನಿಯಮವಿದೆ ಎಂದು ಮಾಹಿತಿ ಹಕ್ಕಿನಡಿ ಕೇಳಬಹುದು. 30 ದಿನಗಳೊಳಗೆ ಉತ್ತರಿಸುವುದು ಅವರ ಕರ್ತವ್ಯ.

ಇನ್ನು ಮುಂದೆ ಫೋನ್ ಮಾಡುವವರಿಗೆ ಒಂದು ಮಾತು. ಮಾತು ಶುರುವಾಗುವ ಮುಂಚೆ ಲೈನಿನಲ್ಲಿ ಸಿಗುವ ಸಿಬ್ಬಂದಿಯ ಹತ್ತಿರ, ಹೆಸರು ಹೇಳುವುದಿಲ್ಲ, ತಾಲ್ಲೂಕು ಮಾತ್ರ ಹೇಳುತ್ತೇನೆ ಎಂದರೆ ಸಾಕು. ಒಳ್ಳೆಯ ಉದ್ಘೋಷಕರು ಅದನ್ನು ಗೌರವಿಸುತ್ತಾರೆ.

ಪ್ರಶ್ನೆ: ಕೇಳುಗರಿಗೆಂದು ಬಾನುಲಿ ಕೇಂದ್ರವೊಂದು ಮಾಡಿದ ವಾಟ್ಸ್ಆ್ಯಪ್ ಗ್ರೂಪಿಗೆ ಸೇರಿದ ಮೇಲೆ ಪರಿಚಯವಿಲ್ಲದವರಿಂದ ರಾತ್ರಿ ಹೊತ್ತು ಮೆಸೇಜು ಬರತೊಡಗಿವೆ. ವಾಟ್ಸ್ಆ್ಯಪ್ ಸುರಕ್ಷಿತ ಎನ್ನುತ್ತಾರಲ್ಲ? (ಹೊನ್ನಾವರ)

ಉತ್ತರ: ಆ ಸುರಕ್ಷತೆ ದಾರಿಯ ಮಧ್ಯದ್ದು. ನಿಮ್ಮ ಫೋನಿನಿಂದ ಹೊರಟ ಸಂದೇಶವನ್ನು ನಡುವೆ ಯಾರೂ ಓದಲಾರರು ಎಂಬುದಷ್ಟೇ ಅದರ ಅರ್ಥ. ಗ್ರೂಪಿನಲ್ಲಿರುವ ಪ್ರತಿಯೊಬ್ಬರಿಗೂ ನಿಮ್ಮ ನಂಬರು ಕಾಣುತ್ತದೆ, ಮತ್ತು ನೂರಾರು ಅಪರಿಚಿತರ ನಡುವೆ ಹೆಂಗಸರ ನಂಬರು ಹೀಗೆ ತೆರೆದಿಡುವುದು ಬೇಜವಾಬ್ದಾರಿ. ಕೇಂದ್ರಗಳು ಗ್ರೂಪಿನ ಬದಲು ವಾಟ್ಸ್ಆ್ಯಪ್ ಚಾನೆಲ್ ಬಳಸಬೇಕು. ಭಾರತದಲ್ಲಿ 2023ರಿಂದ ಇರುವ ಈ ಸೌಲಭ್ಯದಲ್ಲಿ ಒಬ್ಬ ಅನುಸರಿಸುವವರ ನಂಬರು ಇನ್ನೊಬ್ಬರಿಗೆ ಕಾಣುವುದಿಲ್ಲ. ಹಾಡಿನ ಕೋರಿಕೆಗೆ ನೇರವಾಗಿ ಕೇಂದ್ರದ ನಂಬರಿಗೆ ಕಳುಹಿಸಿದರಾಯಿತು, ಆದರೆ ಆ ಫೋನು ಸಿಬ್ಬಂದಿಯೊಬ್ಬರ ಸ್ವಂತ ಫೋನಾಗಿರಬಾರದು. ಅವರು ವರ್ಗವಾಗಿ ಹೋದಾಗ ಕೇಳುಗರ ನಂಬರುಗಳೆಲ್ಲ ಅವರೊಂದಿಗೇ ಹೋಗುತ್ತವೆ. ನೀವು ಗ್ರೂಪಿನಿಂದ ಹೊರಬನ್ನಿ, ಮೆಸೇಜು ಕಳುಹಿಸುವವರನ್ನು ಬ್ಲಾಕ್ ಮಾಡಿ ರಿಪೋರ್ಟ್ ಮಾಡಿ, ಸ್ಕ್ರೀನ್‌ಶಾಟ್ ಅಳಿಸದೆ ಇಟ್ಟುಕೊಳ್ಳಿ. ಕಾಟ ಮುಂದುವರಿದರೆ ಸೈಬರ್ ಅಪರಾಧಗಳ ರಾಷ್ಟ್ರೀಯ ಪೋರ್ಟಲಿನಲ್ಲಾಗಲಿ ಹತ್ತಿರದ ಠಾಣೆಯಲ್ಲಾಗಲಿ ದೂರು ಕೊಡಿ.

ಪ್ರಶ್ನೆ: ನಮ್ಮ ಮನೆಯಲ್ಲಿ ದೂರದರ್ಶನದ ಡಿಡಿ ಫ್ರೀ ಡಿಶ್ ಇದೆ. ನಾವು ನೋಡುವುದೆಲ್ಲ ದಾಖಲಾಗುತ್ತದೆಯೇ? (ಯಲ್ಲಾಪುರ)

ಉತ್ತರ: ಇಲ್ಲ. ಅದಕ್ಕೆ ತಿಂಗಳ ಬಾಡಿಗೆಯೂ ಇಲ್ಲ, ಉಪಗ್ರಹಕ್ಕೆ ನಿಮ್ಮ ಡಿಶ್ ಏನನ್ನೂ ಕಳುಹಿಸುವುದೂ ಇಲ್ಲ. ಆದರೆ ಇಂಟರ್ನೆಟ್ ಜೋಡಿಸಿದ ಸ್ಮಾರ್ಟ್ ಟಿವಿಯಾದರೆ, ಪರದೆಯ ಮೇಲೆ ಏನು ಬರುತ್ತಿದೆ ಎಂದು ಗುರುತಿಸುವ ವ್ಯವಸ್ಥೆ ಟಿವಿಯಲ್ಲಿಯೇ ಇರಬಹುದು. ಅದನ್ನು ಸೆಟ್ಟಿಂಗ್ಸ್‌ನಲ್ಲಿ ಬಂದ್ ಮಾಡಿ.

ಪ್ರಶ್ನೆ: ಶಿರೂರಿನಲ್ಲಿ ಗುಡ್ಡ ಕುಸಿದಾಗ ಗಂಗಾವಳಿ ದಡದಲ್ಲಿ ತಮ್ಮವರಿಗಾಗಿ ಕಾಯುತ್ತಿದ್ದವರ ಮುಖದೆದುರು ಮೈಕ್ ಹಿಡಿದದ್ದನ್ನು ಕಂಡು ಬೇಸರವಾಯಿತು. ಸತ್ತವರ ಮನೆಯವರಿಗೆ ಖಾಸಗಿತನ ಇಲ್ಲವೇ? (ಅಂಕೋಲಾ)

ಉತ್ತರ: ಖಂಡಿತ ಇದೆ. 2024ರ ಜುಲೈ 16ರ ಆ ದುರಂತ ಹೆದ್ದಾರಿಯ ಮೇಲೆ ನಡೆದದ್ದು, ಶೋಧ ತಿಂಗಳುಗಟ್ಟಲೆ ನಡೆದದ್ದು, ಅದರ ವರದಿ ಜನರಿಗೆ ಬೇಕೇ ಇತ್ತು. ಗುಡ್ಡವನ್ನು ಹೇಗೆ ಕಡಿಯಲಾಗಿತ್ತು, ಶೋಧ ಎಲ್ಲಿಗೆ ಬಂತು ಎಂಬ ಪ್ರಶ್ನೆಗಳನ್ನು ಎಷ್ಟು ಕೇಳಿದರೂ ಸಾಲದು. ಅಳುತ್ತಿರುವ ತಾಯಿಯ ಮುಖವನ್ನು ಹತ್ತಿರದಿಂದ ತೋರಿಸುವುದರಿಂದ ಇವುಗಳಲ್ಲಿ ಯಾವುದಕ್ಕೂ ಉತ್ತರ ಸಿಗುವುದಿಲ್ಲ. ಬ್ರಿಟನ್ನಿನ ಪ್ರಸಾರ ನಿಯಂತ್ರಕವಾದ ಆಫ್‌ಕಾಂ ರೂಪಿಸಿರುವ ಸಂಹಿತೆಯು ಬಿಬಿಸಿಗೂ ಅನ್ವಯಿಸುತ್ತದೆ. ಅವಘಡಕ್ಕೆ ಸಿಕ್ಕವರ, ಸ್ವಂತ ದುಃಖದಲ್ಲಿರುವವರ ದೃಶ್ಯ ಅಥವಾ ಧ್ವನಿಯನ್ನು, ಅವರಿರುವುದು ಸಾರ್ವಜನಿಕ ಸ್ಥಳದಲ್ಲೇ ಆದರೂ, ಅವರ ಖಾಸಗಿತನಕ್ಕೆ ಭಂಗವಾಗುವಂತೆ ಸೆರೆಹಿಡಿಯಬಾರದು, ಪ್ರಸಾರ ಮಾಡಬಾರದು; ಅವರ ಒಪ್ಪಿಗೆಯಿದ್ದರೆ ಅಥವಾ ಸಮರ್ಥಿಸಬಲ್ಲ ಕಾರಣವಿದ್ದರೆ ಮಾತ್ರ ಇದಕ್ಕೆ ವಿನಾಯಿತಿ ಎಂಬುದು ಅದರ ತಾತ್ಪರ್ಯ. ರಸ್ತೆಯಲ್ಲಿ ನಿಂತವರದ್ದೆಲ್ಲ ಸಾರ್ವಜನಿಕ ಎಂಬ ವಾದಕ್ಕೆ ಇದು ನೇರ ಉತ್ತರ. ನಮ್ಮ ಸಾರ್ವಜನಿಕ ಪ್ರಸಾರಕರು ಇದನ್ನು ಕಾನೂನಿನ ಒತ್ತಾಯಕ್ಕೆ ಕಾಯದೆ ಪಾಲಿಸಬೇಕು. ವೀಕ್ಷಕರ ಸಂಖ್ಯೆಯ ಪೈಪೋಟಿಯಿಂದ ದೂರವಿರಲು ಸಾಧ್ಯವಾಗಲಿ ಎಂದೇ ಅಲ್ಲವೇ ಅವರಿಗೆ ಜನರ ಹಣ ಕೊಡುವುದು?

ಪ್ರಶ್ನೆ: ನಮ್ಮ ಶಾಲೆಯ ಮಕ್ಕಳು ಬಾನುಲಿ ಕಾರ್ಯಕ್ರಮಕ್ಕೆ ಹೋಗುವವರಿದ್ದಾರೆ. ಹೆಸರು, ಜನ್ಮದಿನಾಂಕ, ಪಾಲಕರ ನಂಬರು, ಫೋಟೋ ಎಲ್ಲ ಕೇಳಿದ್ದಾರೆ. ಕೊಡಬಹುದೇ? (ಕಾರವಾರ)

ಉತ್ತರ: ಬೇಕಾದಷ್ಟನ್ನು ಕೊಡಿ. ಹಾಡಲು ಬರುವ ಮಗುವಿನ ಹೆಸರು, ತರಗತಿ ಮತ್ತು ಜೊತೆಗೆ ಬರುವ ಶಿಕ್ಷಕರ ನಂಬರು ಸಾಕಾಗುತ್ತದೆ. ಜನ್ಮದಿನಾಂಕ ಏಕೆ ಬೇಕೆಂದು ಕೇಳಿ. ವಯೋಮಿತಿಗಾಗಿ ಎಂದರೆ ವಯಸ್ಸು ಬರೆದರಾಯಿತು. 2023ರ ಕಾಯ್ದೆಯಲ್ಲಿ 18 ತುಂಬದವರೆಲ್ಲ ಮಕ್ಕಳೇ, ಅವರ ಮಾಹಿತಿ ಬಳಸಲು ಪಾಲಕರ ಖಚಿತವಾದ ಒಪ್ಪಿಗೆ ಅಗತ್ಯ ಎಂಬುದು ಅದರ ಸಾಮಾನ್ಯ ನಿಯಮ. ಅದು ಜಾರಿಗೆ ಬರುವವರೆಗೂ ಪಾಲಕರ ಸಹಿ ಪಡೆಯುವ ರೂಢಿಯನ್ನು ನೀವೇ ಇಟ್ಟುಕೊಳ್ಳಿ, ಫೋಟೋವನ್ನು ಫೇಸ್‌ಬುಕ್ಕಿಗೆ ಹಾಕುವ ಮಾತಿದ್ದರೆ ಅದನ್ನು ಪ್ರತ್ಯೇಕವಾಗಿ ಬರೆಸಿಕೊಳ್ಳಿ.

ಲೈಂಗಿಕ ಅಪರಾಧಕ್ಕೆ ಬಲಿಯಾದ ಮಕ್ಕಳ ವಿಷಯದಲ್ಲಿ ಕಾನೂನು ಇನ್ನೂ ಕಠಿಣವಾಗಿದೆ. ಇಂಥ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ಪೋಕ್ಸೋ ಕಾಯ್ದೆಯ 23ನೇ ಕಲಮಿನ ಪ್ರಕಾರ ಮಗುವಿನ ಹೆಸರಷ್ಟೇ ಅಲ್ಲ, ವಿಳಾಸ, ಫೋಟೋ, ಕುಟುಂಬದ ವಿವರ, ಶಾಲೆ, ನೆರೆಹೊರೆ ಹೀಗೆ ಗುರುತು ಸಿಗುವ ಯಾವುದನ್ನೂ ಮಾಧ್ಯಮಗಳು ಬಹಿರಂಗಪಡಿಸುವಂತಿಲ್ಲ. ನಮ್ಮ ಕರಾವಳಿಯ ಊರುಗಳಲ್ಲಿ ಇದರ ಮಹತ್ವ ಹೆಚ್ಚು. ಬಂದರಿನ ಹತ್ತಿರದ ಕೇರಿ, ಏಳನೆಯ ತರಗತಿ, ತಂದೆ ಬೋಟಿಗೆ ಹೋಗುವವರು ಎಂದು ಸುದ್ದಿಯಲ್ಲಿ ಬಂದರೆ ಬೆಂಗಳೂರಿನಲ್ಲಿ ಕೇಳಿದವರಿಗೆ ಏನೂ ತಿಳಿಯದಿರಬಹುದು, ಆ ಊರಿನಲ್ಲಿ ಮಾತ್ರ ಸಂಜೆಯೊಳಗೆ ಎಲ್ಲರಿಗೂ ಮನೆ ಗೊತ್ತಾಗಿರುತ್ತದೆ. ಸ್ಥಳೀಯ ಕೇಂದ್ರದ ಸುದ್ದಿ ಬರೆಯುವವರು ಆ ಊರಿನವರ ಕಿವಿಯಿಂದ ಕೇಳಿ ನೋಡಿ ವಾಕ್ಯ ಬರೆಯಬೇಕು.

ಪ್ರಶ್ನೆ: ಬಾನುಲಿಗೆ ಪತ್ರ ಬರೆದವರ ಹೆಸರು, ವಿಳಾಸದ ಪಟ್ಟಿಯನ್ನು ಯಾರಾದರೂ ಮಾಹಿತಿ ಹಕ್ಕಿನಡಿ ಪಡೆಯಬಹುದೇ? (ಭಟ್ಕಳ)

ಉತ್ತರ: ಸುಲಭವಾಗಿ ಸಿಗುವುದಿಲ್ಲ. ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಕಲಮು ವೈಯಕ್ತಿಕ ಮಾಹಿತಿಗೆ ವಿನಾಯಿತಿ ಕೊಟ್ಟಿದೆ, ಮತ್ತು 2025ರ ನವೆಂಬರಿನಲ್ಲಿ ಜಾರಿಯಾದ ತಿದ್ದುಪಡಿ ಆ ವಿನಾಯಿತಿಯನ್ನು ಇನ್ನಷ್ಟು ಹಿಗ್ಗಿಸಿದೆ. ಅಧಿಕಾರಿಗಳ ನಡವಳಿಕೆಯನ್ನೂ ವೈಯಕ್ತಿಕ ಎಂದು ಮುಚ್ಚಿಡಲು ಇದು ಬಳಕೆಯಾದೀತು ಎಂಬ ಆತಂಕ ಹಲವರಿಗಿದೆ, ನನಗೂ ಇದೆ; ಕೇಳುಗರ ವಿಳಾಸದ ಮಟ್ಟಿಗೆ ಮಾತ್ರ ಅದು ರಕ್ಷಣೆಯೇ. ಇನ್ನು ನಿಮ್ಮ ಕಾಗದವನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಸೇರಿಸಿದರೆ ಅದೂ 2023ರ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ, ಬರೀ ಕಾಗದವಾಗಿ ಕಪಾಟಿನಲ್ಲಿದ್ದರೆ ಬರುವುದಿಲ್ಲ. ಮುಂದೆ ಯಾವುದೇ ಸಂಸ್ಥೆ ಸಮ್ಮತಿ ಕೇಳಿ ನೋಟಿಸ್ ಕೊಡುವಾಗ, ಇಂಗ್ಲಿಷಿನಲ್ಲಾಗಲಿ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಾಗಲಿ ಅದನ್ನು ಓದುವ ಆಯ್ಕೆ ಕೊಡಬೇಕಾಗುತ್ತದೆ. ಕನ್ನಡವೂ ಕೊಂಕಣಿಯೂ ಆ ಅನುಸೂಚಿಯಲ್ಲಿವೆ. ಇಂಗ್ಲಿಷಿನ ಉದ್ದನೆಯ ಒಪ್ಪಂದದ ಕೆಳಗೆ ಒತ್ತುವ ಮುನ್ನ, ಕನ್ನಡದ್ದು ಕೊಡಿ ಎಂದು ಕೇಳಿ.