ಚಾಸಿ ವೆಲ್ಡಿಂಗ್ ಆಗಿರುವ ಹಳೆ ಟಿಪ್ಪರ್

ಸರ್, ಸೆಕೆಂಡ್ ಹ್ಯಾಂಡ್ ಟಿಪ್ಪರ್‌ಗೆ ಹಿಂದಿನ ಓನರ್ ಎಕ್ಸ್‌ಟ್ರಾ ಸ್ಪ್ರಿಂಗ್ ಪ್ಲೇಟ್ ಹಾಕಿಸಿದ್ದಾರೆ, ಚಾಸಿಗೂ (ಗಾಡಿಯ ಭಾರ ಹೊರುವ ಕೆಳಗಿನ ಉಕ್ಕಿನ ಚೌಕಟ್ಟು) ವೆಲ್ಡಿಂಗ್ ತೇಪೆ ಇದೆ, ಹಾಗೇ ಲೋಡ್ ಹೊಡೆಯಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಇಂಥ ಗಾಡಿಗಳು ಗ್ಯಾರೇಜಿಗೆ ಬರುತ್ತಲೇ ಇರುತ್ತವೆ, ನೋಡಿದರೆ ಹೊಟ್ಟೆ ಉರಿಯುತ್ತದೆ. ಪ್ಲೇಟ್ ಜಾಸ್ತಿ ಮಾಡಿದರೆ ಲೋಡ್‌ಗೆ ಗಾಡಿಯ ಹಿಂಭಾಗ ಕುಸಿಯುವುದಿಲ್ಲ ಅಷ್ಟೇ, ಆಕ್ಸಲ್, ಬ್ರೇಕ್, ಟೈರ್ ಎಲ್ಲ ಹಳೆಯವೇ ಅಲ್ವಾ, ಗುಂಡಿಗೆ ಬಿದ್ದಾಗ ಜರ್ಕ್ ಪೂರ್ತಿ ಚಾಸಿಗೆ ಹೋಗಿ ಸ್ಪ್ರಿಂಗ್ ಬ್ರಾಕೆಟ್ ಹತ್ತಿರ ಬಿರುಕು ಶುರುವಾಗುತ್ತದೆ. ಅದರ ಮೇಲೆ ಸುಮ್ನೆ ಅಡ್ಡಡ್ಡ ವೆಲ್ಡಿಂಗ್ ಎಳೆದರೆ ಬಿಸಿಗೆ ಪಕ್ಕದ ಜಾಗ ದುರ್ಬಲವಾಗಿ ಮತ್ತೆ ಅಲ್ಲೇ ಸೀಳುತ್ತದೆ. ಮೊದಲು ಆ ಜಾಗದ ಪೇಂಟ್ ಕೆರೆಸಿ ನೋಡಿ. ಎಕ್ಸ್‌ಟ್ರಾ ಪ್ಲೇಟ್ ತೆಗೆಸಿ, ಪ್ಲೇಟ್‌ಗಳನ್ನು ಆಕ್ಸಲ್‌ಗೆ ಬಿಗಿಯುವ ಯು ಬೋಲ್ಟ್ ಹೊಸದು ಹಾಕಿಸಿ. ಬಿರುಕು ಸಿಕ್ಕರೆ ಕಂಪನಿ ವರ್ಕ್‌ಶಾಪ್‌ನವರಿಗೆ ತೋರಿಸುವ ತನಕ ಖಾಲಿ ಗಾಡಿಯನ್ನೂ ಘಾಟಿಗೆ ಇಳಿಸಬೇಡಿ.